ಯಾಪಲಪರ್ವಿಯ ರಾತ್ರಿಯೂ ನಮ್ಮ ಪಡಸಾಲೆಯ ಆಟವೂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. ಈಗ ಅವನು ಪರದೇಶದಲ್ಲಿ ಇಂಜಿನಿಯರ್. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುವ ಸ್ವಭಾವದವನಾದ್ದರಿಂದ ಬರೆಯುವುದಿಲ್ಲ. ಅವನ ಓರಗೆಯವರು ಊಹಿಸಿಕೊಳ್ಳುತ್ತೀರಿ. ಭಾನುವಾರಗಳಂದು ಅವನೂ ಅವನ ಮೂರು ನಾಲ್ಕು ಜನ ಗೆಳೆಯರೂ ಸೇರಿ ದೊಡ್ಡ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಬೆರಳುದ್ದದ ಬಣ್ಣದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸುತ್ತ ನೆಪೋಲಿಯನ್ನನ ಕಾಲದ ಯುದ್ಧಗಳನ್ನು ಮತ್ತೆ ಆಡುತ್ತಾರಂತೆ. ಈ ಸಲ ಆಡಿದ್ದು ವಾಟರ್ಲೂ. ಅವನು ನೆಪೋಲಿಯನ್ನನ ಪಕ್ಷ ವಹಿಸಿದ್ದ, ಗೆದ್ದ. ವೆಲಿಂಗ್ಟನ್ನನ ಸಾಲು ಇಳಿಹೊತ್ತಿಗೆ ಮುಂಚೆಯೇ ಮುರಿದುಬಿತ್ತು. ಸಂತೋಷದಿಂದ ಎಲ್ಲವನ್ನೂ ವಿವರಿಸಿ ಕೊನೆಗೆ ಒಂದು ಪ್ರಶ್ನೆ ಹಾಕಿದ್ದಾನೆ: "ಸರ್, ನಮ್ಮ ಮೇಜಿನ ಮೇಲೆ ನೆಪೋಲಿಯನ್ ಗೆಲ್ಲುವುದಾದರೆ ಚರಿತ್ರೆಯಲ್ಲಿ ಅವನು ಸೋತದ್ದು ಬರೀ ಗ್ರಹಚಾರವೇ? ನೀವು ಶಾಲೆಯ ಪಡಸಾಲೆಯಲ್ಲಿ ಆಡಿಸಿದ ಆಟ ನೆನಪಾಯಿತು. ಅಂದು ಕಿಲ್ಲೇದಾರನಾಗಿ ಚೀಟಿ ಬರೆದವನು ನಾನೇ ಎಂಬುದು ನಿಮಗೆ ನೆನಪಿದೆಯೋ ಇಲ್ಲವೋ."

ನೆನಪಿದೆ. ಅವನು ತಿಳಿದಿರುವುದಕ್ಕಿಂತ ಚೆನ್ನಾಗಿಯೇ ನೆನಪಿದೆ. ಅದಕ್ಕೆ ಉತ್ತರ ಬರೆಯಲು ಕುಳಿತಾಗ ಇದನ್ನು ಎಲ್ಲರೂ ಓದುವಂತೆಯೇ ಬರೆಯುವುದು ಸರಿ ಎನಿಸಿತು.

ವಾಟರ್ಲೂಗೂ ನಮ್ಮ ಸಿಂಧನೂರಿಗೂ ಏನು ಸಂಬಂಧ ಎಂದು ಬಂಧುಗಳಲ್ಲಿ ಕೆಲವರು ಕೇಳಬಹುದು. 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ, ಅದಕ್ಕೆ ಹದಿನೈದು ವರ್ಷ ಮೊದಲು, 1800ರ ಸೆಪ್ಟೆಂಬರ್ 9ರ ರಾತ್ರಿಯನ್ನು ಸಿಂಧನೂರು ತಾಲ್ಲೂಕಿನ ಯಾಪಲಪರ್ವಿಯಲ್ಲಿ ನಿದ್ದೆಯಿಲ್ಲದೆ ಕಳೆದಿದ್ದ. ಆಗ ಅವನಿನ್ನೂ ವೆಲಿಂಗ್ಟನ್ ಆಗಿರಲಿಲ್ಲ. ಕರ್ನಲ್ ಆರ್ಥರ್ ವೆಲ್ಲೆಸ್ಲಿ. ವಯಸ್ಸು ಮೂವತ್ತೊಂದು. ನೆಪೋಲಿಯನ್ನನೂ ಅವನೂ ಒಂದೇ ವರ್ಷ, 1769ರಲ್ಲಿ, ಹುಟ್ಟಿದವರು. ಅದೇ 1800ರ ಜೂನ್ 14ರಂದು ನೆಪೋಲಿಯನ್ ಇಟಲಿಯ ಮರೆಂಗೋದಲ್ಲಿ ಆಸ್ಟ್ರಿಯನ್ನರನ್ನು ಗೆದ್ದಾಗ, ವೆಲ್ಲೆಸ್ಲಿ ಇಲ್ಲಿ ತುಂಗಭದ್ರೆಯನ್ನು ದಾಟುವ ಸಿದ್ಧತೆಯಲ್ಲಿದ್ದ. ಹತ್ತನೆಯ ತರಗತಿಯವರೆಗೆ ಚರಿತ್ರೆ ಓದಿದ ನಮ್ಮ ಮಕ್ಕಳಿಗೆ ವಾಟರ್ಲೂ ಗೊತ್ತು, ಯಾಪಲಪರ್ವಿಗೆ ಹೋಗುವ ಬಸ್ಸೂ ಗೊತ್ತು. ಇವೆರಡರ ನಡುವಿನ ಎಳೆ ಮಾತ್ರ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ನನಗೂ ಅದು ಸಿಕ್ಕಿದ್ದು ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಾಗ, ವೆಲಿಂಗ್ಟನ್ನನ ಪತ್ರಗಳ ಹಳೆಯ ಸಂಪುಟವೊಂದರಲ್ಲಿ. ಇಂಗ್ಲಿಷರ ವಿಚಿತ್ರ ಕಾಗುಣಿತದಲ್ಲಿ ನಮ್ಮೂರ ಹೆಸರುಗಳನ್ನು ಗುರುತಿಸಿದಾಗ ಆದ ರೋಮಾಂಚನವನ್ನು ಇಂದಿಗೂ ಮರೆತಿಲ್ಲ.

ವೆಲ್ಲೆಸ್ಲಿ ಬೆನ್ನಟ್ಟಿ ಬಂದದ್ದು ಧೋಂಡಿಯ ವಾಘನನ್ನು. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಮನೆತನದವನು. ಹೈದರಲಿಯ ಸೈನ್ಯದಲ್ಲಿದ್ದ, ಆ ಬಳಿಕ ಧಾರವಾಡ, ಹಾವೇರಿ, ಸವಣೂರುಗಳ ಸೀಮೆಯಲ್ಲಿ ಸ್ವತಂತ್ರವಾಗಿ ಸೂರೆ ಹೊಡೆದುಕೊಂಡಿದ್ದ, ಮರಾಠರು ಅಟ್ಟಿದಾಗ ಟಿಪ್ಪುವಿನ ಆಶ್ರಯಕ್ಕೆ ಬಂದು, ಅಲ್ಲಿ ಸೆರೆಮನೆಯಲ್ಲಿ ಸರಪಳಿ ಹೊತ್ತ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡ ಟಿಪ್ಪುವಿನ ಕುದುರೆಯವರನ್ನು ಕೂಡಿಸಿಕೊಂಡು ಬಿದನೂರು, ಶಿಕಾರಿಪುರಗಳ ಕಡೆ ಎದ್ದುನಿಂತ. ಇಂಗ್ಲಿಷರು ಅಲ್ಲಿಂದ ಓಡಿಸಿದರೆ ಮರಾಠರ ಸೀಮೆ ಹೊಕ್ಕು ಮರುವರ್ಷ ಮತ್ತಷ್ಟು ದೊಡ್ಡ ದಂಡಿನೊಡನೆ ಕಾಣಿಸಿಕೊಂಡ. ಉಭಯಲೋಕಾಧೀಶ್ವರ ಎಂದು ತನ್ನನ್ನು ಕರೆದುಕೊಂಡ. ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ಈ ಬಿರುದನ್ನು ಹಿಡಿದುಕೊಂಡು ಪುಟಪುಟಕ್ಕೂ ಗೇಲಿ ಮಾಡುತ್ತಾನೆ. ಇತ್ತೀಚೆಗೆ ಧೋಂಡಿಯನನ್ನು ಸ್ವಾತಂತ್ರ್ಯವೀರನೆಂದು ಬರೆಯುವವರಿದ್ದಾರೆ. ಬರೀ ದರೋಡೆಕಾರನೆಂದು ತಳ್ಳಿಹಾಕುವವರೂ ಇದ್ದಾರೆ. ಅವನ ಕುದುರೆಗಳು ಮೇದ ಜೋಳದ ಹೊಲಗಳ ಒಡೆಯರನ್ನು ಕೇಳಿದ್ದರೆ ಮೊದಲನೆಯ ಮಾತಿಗೆ ಒಪ್ಪುತ್ತಿರಲಿಲ್ಲ. ಆದರೆ ಸರಪಳಿಯಿಂದ ಬಿಡಿಸಿಕೊಂಡ ಒಂದೇ ವರ್ಷದಲ್ಲಿ ಕಂಪನಿ, ಪೇಶ್ವೆ, ನಿಜಾಮ ಮೂವರ ಸೈನ್ಯಗಳನ್ನೂ ತನ್ನ ಬೆನ್ನ ಹಿಂದೆ ಓಡಾಡಿಸಿದವನನ್ನು ಬರೀ ಕಳ್ಳನೆನ್ನಲು ನನಗೆ ಮನಸ್ಸು ಬಾರದು.

ಮಳೆಗಾಲದಲ್ಲಿ ದಂಡೆತ್ತಿ ಹೋಗಬಾರದೆಂಬುದು ನಮ್ಮ ಕಡೆಯ ಹಳೆಯ ರೂಢಿ. ವಿಜಯದಶಮಿಯ ಸೀಮೋಲ್ಲಂಘನವಾದ ಮೇಲೆಯೇ ದಂಡು ಹೊರಡುತ್ತಿತ್ತು; ಅಷ್ಟರಲ್ಲಿ ಹೊಳೆಗಳು ಇಳಿದು, ನೆಲ ಗಟ್ಟಿಯಾಗಿ, ಕುದುರೆಗೆ ಮೇವು ಬಂದಿರುತ್ತಿತ್ತು. ವೆಲ್ಲೆಸ್ಲಿ ಇದನ್ನು ತಿರುವಿ ಹಾಕಿದ. ಹೊಳೆ ತುಂಬಿದರೆ ತನಗೇ ಅನುಕೂಲವೆಂದು ಲೆಕ್ಕ ಹಾಕಿದ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ನಮ್ಮ ಹರಿಗೋಲುಗಳನ್ನು ಮೊದಲೇ ಮಾಡಿಸಿಟ್ಟುಕೊಂಡಿದ್ದ. ಆದ್ದರಿಂದ ಅವನು ತುಂಬಿದ ಹೊಳೆಯನ್ನು ದಾಟಬಲ್ಲ, ಹಾಯ್ಗಡವನ್ನೇ ನಂಬಿದ ಧೋಂಡಿಯ ದಾಟಲಾರ. ಜೂನ್ ಕೊನೆಯ ವಾರ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಅದೇ ಹೊತ್ತಿಗೆ ಧೋಂಡಿಯ ತನ್ನ ಹಳೆಯ ವೈರಿ ಧೋಂಡೋಪಂತ ಗೋಖಲೆಯನ್ನು ಕೊಂದು ಸೇಡು ತೀರಿಸಿಕೊಂಡಿದ್ದ. ಜುಲೈ 26ರಂದು ಡಂಬಳದ ಕೋಟೆ ಇಂಗ್ಲಿಷರ ವಶವಾಯಿತು. 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ಧೋಂಡಿಯನ ಬೀಡಿನ ಮೇಲೆ ಬಿದ್ದು ಅದನ್ನು ಹೊಳೆಗೆ ದಬ್ಬಿದರು. ಆಗಸ್ಟ್ ಪೂರ್ತಿ ಅಟ್ಟಾಟ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಧೋಂಡಿಯ ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ದೋಆಬಿಗೆ ಬಂದಿದ್ದ. ಉತ್ತರಕ್ಕೂ ದಕ್ಷಿಣಕ್ಕೂ ತುಂಬಿದ ಹೊಳೆಗಳು.

ವೆಲ್ಲೆಸ್ಲಿ ಮೂರು ಕೈ ಚಾಚಿದ. ಕರ್ನಲ್ ಸ್ಟೀವನ್‌ಸನ್ ಉತ್ತರದಲ್ಲಿ ದೇವದುರ್ಗದ ಕಡೆಗೆ, ಕೃಷ್ಣೆಯ ದಂಡೆ ಹಿಡಿದು. ಧೋಂಡಿಯ ತನ್ನ ತೋಪು ಸಾಮಾನುಗಳನ್ನು ಸುರಪುರದ ರಾಜನಲ್ಲಿಗೆ ಸಾಗಿಸದಂತೆ ತಡೆಯುವುದು ಅವನ ಕೆಲಸ. ತಾನು ದಕ್ಷಿಣದಲ್ಲಿ: ಸೆಪ್ಟೆಂಬರ್ 5ರಂದು ಹನುಮಸಾಗರದ ಬಳಿ ನಿಜಾಮನ ಸೀಮೆ ಹೊಕ್ಕು, 7ರಂದು ಕನಕಗಿರಿ. ಇಬ್ಬರ ನಡುವೆ ಮರಾಠರ ಮತ್ತು ನಿಜಾಮನ ಕುದುರೆಗಳು. ಧೋಂಡಿಯ ಅವುಗಳ ಪೂರ್ವಕ್ಕೆ, ರಾಯಚೂರಿನ ದಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

8ರಂದು ವೆಲ್ಲೆಸ್ಲಿ ಒಂದು ಸಣ್ಣ ಕೆಲಸ ಮಾಡಿದ. ಕಾಲಾಳುಗಳನ್ನು ನವಲಿಯಲ್ಲಿ ಹಿಂದೆ ಬಿಟ್ಟು ಬರೀ ಕುದುರೆಗಳೊಡನೆ ಮುಂದೆ ಬಂದ. 9ರಂದು ಅವನು ಯಾಪಲಪರ್ವಿಯಲ್ಲಿ. ಕಾಲಾಳುಗಳು ಸುಮಾರು ಇಪ್ಪತ್ತನಾಲ್ಕು ಕಿಲೋಮೀಟರ್ ಹಿಂದೆ, ಚಿನ್ನೂರಿನಲ್ಲಿ. ಆ ದಿನ ಬೆಳಗ್ಗೆ ಕೃಷ್ಣೆಯ ಕಡೆ ಹೊರಟಿದ್ದ ಧೋಂಡಿಯ, ದಾರಿಯಲ್ಲಿ ಸ್ಟೀವನ್‌ಸನ್ನನ ಡೇರೆಗಳನ್ನು ಕಂಡು ಹಿಂತಿರುಗಿದ. ಸಂಜೆಗೆ ಯಾಪಲಪರ್ವಿಯಿಂದ ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ಬೀಡು ಬಿಟ್ಟ. ವೆಲ್ಲೆಸ್ಲಿಗೆ ಇದು ಬೇಗನೆ ತಿಳಿಯಿತು. ಆದರೆ ಕೆಟ್ಟ ರಾತ್ರಿ, ಕುದುರೆಗಳು ದಣಿದಿದ್ದವು, ಹೊರಡಲಾಗಲಿಲ್ಲ. ಹುಬ್ಬಿ ಉತ್ತರಿ ಮಳೆಗಳ ದಿನಗಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಬತ್ತದ ಗದ್ದೆಗಳಾಗುವ ಮೊದಲು ಈ ಸೀಮೆಯ ಎರೆಹೊಲಗಳಲ್ಲಿ ಮಳೆಯ ಮಾರನೆಯ ದಿನ ನಡೆದವರಿಗೆ ವೆಲ್ಲೆಸ್ಲಿಯ ಕಷ್ಟ ಅರ್ಥವಾದೀತು. ನಾಲ್ಕು ಹೆಜ್ಜೆಗೆ ಚಪ್ಪಲಿ ಒಂದೊಂದು ಸೇರು ಭಾರವಾಗುವ ನೆಲ ಅದು. ರಾತ್ರಿಯೆಲ್ಲ ತಳಮಳಿಸುತ್ತ ಕಳೆದೆನೆಂದು ಅವನೇ ಬರೆದುಕೊಂಡಿದ್ದಾನೆ. ಅವನ ಅಂಜಿಕೆ ಸೋಲಿನದಲ್ಲ, ಧೋಂಡಿಯ ಮತ್ತೊಮ್ಮೆ ಕೈತಪ್ಪುತ್ತಾನೆಂಬುದು.

ಧೋಂಡಿಯನಿಗೆ ಮಾತ್ರ ಅಂಥ ತಳಮಳವಿರಲಿಲ್ಲ. ಏಕೆಂದರೆ ಅವನಲ್ಲಿ ಒಂದು ಕಾಗದವಿತ್ತು.

ಇಲ್ಲಿಂದ ಮುಂದಿನದನ್ನು ವೆಲ್ಲೆಸ್ಲಿ ಕಾಳಗದ ಮಾರನೆಯ ದಿನ ಥಾಮಸ್ ಮನ್ರೋಗೆ ಬರೆದ ಪತ್ರದಿಂದ ತಿಳಿದುಕೊಂಡೆ. ಚಿನ್ನೂರಿನ ಕಿಲ್ಲೇದಾರ ಧೋಂಡಿಯನಿಗೆ ಸುದ್ದಿ ಮುಟ್ಟಿಸಲೆಂದೇ ಕ್ರಮವಾದ ಟಪಾಲು ಏರ್ಪಡಿಸಿದ್ದ. ವೆಲ್ಲೆಸ್ಲಿ 8ರಂದು ನವಲಿಯಲ್ಲಿರುತ್ತಾನೆ, 9ರಂದು ಚಿನ್ನೂರಿಗೆ ಬರುತ್ತಾನೆ ಎಂದು ಆತ ತಿಳಿಸಿದ್ದ. ವೆಲ್ಲೆಸ್ಲಿಯನ್ನು ಚಿನ್ನೂರಿನಲ್ಲಿ ತಡೆದು ನಿಲ್ಲಿಸಿಕೊಳ್ಳಲೂ ಆತ ಬಹಳ ಪ್ರಯತ್ನಿಸಿದನಂತೆ. ದಾರಿ ತೋರಿಸಲು ಕಳುಹಿಸಿದ ಊರ ದೊಡ್ಡ ಮನುಷ್ಯನೊಬ್ಬ ಬೇರೆಲ್ಲಿಗೋ ಹೋಗುವ ಒಳ್ಳೆಯ ದಾರಿಯನ್ನು ತೋರಿಸಲು ನೋಡಿದ, ಗಲ್ಲಿಗೇರಿಸುವುದಾಗಿ ಹೆದರಿಸಬೇಕಾಯಿತು. ಈ ಇಬ್ಬರ ಹೆಸರನ್ನೂ ವೆಲ್ಲೆಸ್ಲಿ ಬರೆದಿಲ್ಲ. ಕಿಲ್ಲೇದಾರನನ್ನು ಎರಡೆರಡು ಸಲ 'ಪ್ರಾಮಾಣಿಕ' ಎಂದು ವ್ಯಂಗ್ಯವಾಗಿ ಕರೆದು ಮುಂದೆ ಹೋಗುತ್ತಾನೆ.

ಗಮನಿಸಬೇಕಾದದ್ದು, ಕಿಲ್ಲೇದಾರನ ಕಾಗದದಲ್ಲಿ ಸುಳ್ಳಿರಲಿಲ್ಲ. 9ರಂದು ಇಂಗ್ಲಿಷರ ಕಾಲಾಳು ಚಿನ್ನೂರಿನಲ್ಲಿಯೇ ಇತ್ತು. ಕಾಗದ ಹೊರಟಾಗ ನಿಜವಾಗಿದ್ದ ಸುದ್ದಿ, ಅದನ್ನು ನಂಬಿ ನಡೆಯುವ ಹೊತ್ತಿಗೆ ಅರ್ಧ ನಿಜವಾಗಿತ್ತು. 10ರ ಬೆಳಗ್ಗೆ ಧೋಂಡಿಯ ತನ್ನ ಕುದುರೆಗಳೊಡನೆ ಪಶ್ಚಿಮಕ್ಕೆ ಹೊರಟ. ಮರಾಠ ಮತ್ತು ನಿಜಾಮನ ಕುದುರೆಗಳು ಒಂದು ಕಡೆ, ಚಿನ್ನೂರಿನಲ್ಲಿದ್ದಾನೆಂದುಕೊಂಡ ವೆಲ್ಲೆಸ್ಲಿ ಇನ್ನೊಂದು ಕಡೆ. ನಡುವಿನ ಸಂದಿಯಲ್ಲಿ ನುಸುಳಿಹೋಗುವುದು ಅವನ ಹಂಚಿಕೆ. ಆ ಸಂದಿಯ ನಟ್ಟನಡುವೆ, ಯಾಪಲಪರ್ವಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕೊನಗಲ್ಲೆಂಬ ಊರಿನ ಬಳಿ, ವೆಲ್ಲೆಸ್ಲಿ ಎದುರಾದ.

ಕಾಳಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಧೋಂಡಿಯನಲ್ಲಿ ಸುಮಾರು ಐದು ಸಾವಿರ ಕುದುರೆ. ಊರೂ ಕಲ್ಲುಗುಡ್ಡವೂ ಬೆನ್ನಿಗೆ ಮತ್ತು ಎಡಕ್ಕೆ ಬರುವಂತೆ ಚೊಕ್ಕವಾಗಿ ನಿಂತ. ವೆಲ್ಲೆಸ್ಲಿಯಲ್ಲಿ ನಾಲ್ಕು ರಿಸಾಲೆಗಳು, ಎರಡು ಗೋರಾ, ಎರಡು ದೇಶೀ. ಶತ್ರುವಿನ ಸಾಲಿನ ಉದ್ದಕ್ಕೆ ಸರಿಗಟ್ಟಲೆಂದು ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಹಿಂದೆ ಒತ್ತಾಸೆಗೆ ಒಂದು ಕುದುರೆಯೂ ಇಲ್ಲ. ತಾನೇ ಮುಂದಾಗಿ ನುಗ್ಗಿದ. ಧೋಂಡಿಯನ ಸಾಲು ಸ್ವಲ್ಪ ಹೊತ್ತು ಕದಲದೆ ನಿಂತು ಆಮೇಲೆ ಒಡೆಯಿತು. ಧೋಂಡಿಯ ಸತ್ತ. ಅವನ ಹೆಣವನ್ನು ತೋಪಿನ ಗಾಡಿಯ ಮೇಲೆ ಹೇರಿ ಬೀಡಿಗೆ ತಂದರು. ಸಾಮಾನುಗಳ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ಸಾಕಿಸಿ, 1805ರಲ್ಲಿ ಇಂಡಿಯಾ ಬಿಡುವಾಗ ಅವನ ಹೆಸರಿನಲ್ಲಿ ಹಣ ಇಟ್ಟುಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಚಿನ್ನೂರಿನ ಕಿಲ್ಲೇದಾರ ಮುಂದೇನಾದನೆಂಬುದು ಆ ಪತ್ರದಲ್ಲಿಲ್ಲ.

ಈಗ ನಮ್ಮ ಪಡಸಾಲೆಗೆ ಬರುತ್ತೇನೆ.

1984ರ ಸೆಪ್ಟೆಂಬರ್. ಒಂಬತ್ತನೆಯ ತರಗತಿ. ಮಕ್ಕಳು ಸಿಂಧನೂರಿನವರು, ಮಸ್ಕಿಯವರು, ಲಿಂಗಸುಗೂರಿನ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದುವವರು. ಆಂಗ್ಲೋ ಮೈಸೂರು ಯುದ್ಧಗಳ ಪಾಠ ಮುಗಿಸಿ, ಪುಸ್ತಕದಲ್ಲಿ ಇಲ್ಲದ ಈ ಕಥೆಯನ್ನು ಹೇಳಬೇಕೆನಿಸಿತು. ಬಾಯಲ್ಲಿ ಹೇಳುವ ಬದಲು ಆಡಿಸಿದರೆ ಹೇಗೆ? ಪಡಸಾಲೆಯ ನೆಲದ ಮೇಲೆ ಸುಣ್ಣದಲ್ಲಿ ಎರಡು ಹೊಳೆ ಎಳೆದೆವು. ನಡುವೆ ಸಿಂಧನೂರು, ಅದರ ವಾಯವ್ಯಕ್ಕೆ ಮಸ್ಕಿ, ಇನ್ನೂ ಆಚೆ ಲಿಂಗಸುಗೂರು. ಪೂರ್ವದಲ್ಲಿ ರಾಯಚೂರು, ಉತ್ತರದಲ್ಲಿ ದೇವದುರ್ಗ. ತಮ್ಮೂರಿನ ಗುರುತು ಹಾಕಲು ಮಕ್ಕಳಲ್ಲಿ ಪೈಪೋಟಿಯಾಯಿತು. ಹುಣಸೆ ಬೀಜ ಕುದುರೆ, ಬಳೆಚೂರು ಕಾಲಾಳು, ಗುಲಗಂಜಿ ಧೋಂಡಿಯನ ದಂಡು. ಒಂದು ಸುತ್ತು ಎಂದರೆ ಒಂದು ಜಾವ; ಒಂದು ಜಾವಕ್ಕೆ ಕುದುರೆ ಎರಡು ಗೇಣು, ಕಾಲಾಳು ಒಂದು ಗೇಣು.

ಇಂಗ್ಲಿಷರಾಗಲು ಯಾರೂ ಒಪ್ಪಲಿಲ್ಲ. ಕೊನೆಗೆ ಚೀಟಿ ಎತ್ತಿಸಬೇಕಾಯಿತು. ಧೋಂಡಿಯನ ಪಾತ್ರ ಒಬ್ಬ ಹುಡುಗಿಗೆ ಬಂದಿತು. ಆಕೆ ಈಗ ನಮ್ಮ ಜಿಲ್ಲೆಯಲ್ಲಿಯೇ ಶಿಕ್ಷಕಿ. ವಾಘ ಎಂದರೆ ಹುಲಿ ಎಂದು ನಾನು ಹೇಳಿದ್ದೇ ತಡ, "ಸರ, ಹಂಗಾದ್ರ ಇದು ಆಡು ಹುಲಿ ಆಟಾನ ಐತಿ ಬಿಡ್ರಿ" ಎಂದಳು. ನಿಜವೇ. ಗುಡಿಯ ಕಟ್ಟೆಗಳ ಮೇಲೆ ಗೀರಿರುವ ಆ ಆಟದಲ್ಲಿ ಆಡುಗಳು ಹುಲಿಯನ್ನು ಹೊಡೆಯಲಾರವು. ಸುತ್ತುಗಟ್ಟಿ ಅಲುಗದಂತೆ ಮಾಡಿದರೆ ಗೆದ್ದಂತೆ. ವೆಲ್ಲೆಸ್ಲಿಯ ಮೂರು ತಿಂಗಳ ಯುದ್ಧವನ್ನು ನಾನು ಒಂದು ಪೀರಿಯಡ್ಡಿನಲ್ಲಿ ವಿವರಿಸಿದ್ದನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದಳು.

ಮೊದಲ ಆಟದಲ್ಲಿ ಧೋಂಡಿಯ ತಪ್ಪಿಸಿಕೊಂಡ. ತಪ್ಪಿಸಿಕೊಂಡದ್ದಲ್ಲ, ಪೇಟೆಗೆ ಹೋಗಿ ಬಂದಂತೆ ಹೋದ. ಹುಡುಗಿ ನೆಲದ ಮೇಲಿನ ಹುಣಸೆ ಬೀಜಗಳನ್ನು ನೋಡಿ, ಯಾಪಲಪರ್ವಿಯನ್ನು ಸುತ್ತುಬಳಸಿ, ಮಸ್ಕಿಯ ಮೇಲೆ ಹಾದು ಮುದಗಲ್ಲಿನ ದಾರಿ ಹಿಡಿದಳು. ಎರಡನೆಯ ಸಲ ಆಡಿಸಿದೆ, ಅದೇ ಫಲ. ತರಗತಿಯೆಲ್ಲ ಕೇಕೆ ಹಾಕಿತು. ನಿಜದಲ್ಲಿ ಅವನು ಕೊನಗಲ್ಲಿನಲ್ಲಿ ಸತ್ತ ಎಂದಾಗ ಹಿಂದಿನ ಸಾಲಿನಿಂದ ಒಂದು ದನಿ: "ಅಂವಗ ಕಣ್ಣು ಕಾಣ್ತಿದ್ದಿಲ್ಲೇನ್ರಿ ಸರ?"

ಕೇಳಿದವನು ಇಂದು ಪತ್ರ ಬರೆದವನೇ. ನಾನು ಕಷ್ಟಪಟ್ಟು ವಿವರಿಸಬೇಕೆಂದಿದ್ದುದನ್ನು ಅವನ ಪ್ರಶ್ನೆ ಸುಲಭ ಮಾಡಿತು. ಶಾಲೆಯ ಜಮಖಾನೆಯನ್ನು ತರಿಸಿ ನಕ್ಷೆಯ ನಡುವೆ ಅಡ್ಡ ಕಟ್ಟಿಸಿದೆ. ಹುಡುಗಿಗೆ ಇನ್ನು ತನ್ನ ಗುಲಗಂಜಿಗಳಲ್ಲದೆ ಬೇರೇನೂ ಕಾಣದು. ಸುದ್ದಿ ಬೇಕಾದರೆ ಚೀಟಿಯಲ್ಲಿ ಬರಬೇಕು. ಚೀಟಿ ನನ್ನ ಕೈ ಹಾದು, ದೂರಕ್ಕೆ ತಕ್ಕಷ್ಟು ಸುತ್ತು ಕಳೆದು ಮುಟ್ಟಬೇಕು. ಪ್ರಶ್ನೆ ಕೇಳಿದ ಹುಡುಗನನ್ನೇ ಚಿನ್ನೂರಿನ ಕಿಲ್ಲೇದಾರನನ್ನಾಗಿ ಮಾಡಿದೆ.

ಇದೇನೋ ನಾನು ಕಂಡುಹಿಡಿದ ಉಪಾಯವೆಂದು ಅಂದು ಬೀಗಿದ್ದೆ. ಪ್ರಷ್ಯದ ಅಧಿಕಾರಿಯೊಬ್ಬ, ಫಾನ್ ರೈಸ್ವಿಟ್ಸ್, 1812ರಲ್ಲಿ ಸೈನ್ಯದವರ ತರಬೇತಿಗಾಗಿ ಇಂಥ ಯುದ್ಧದಾಟ ರಚಿಸಿದ್ದ. 1824ರಲ್ಲಿ ಅವನ ಮಗ ಅದನ್ನು ತಿದ್ದಿ ನಿಯಮಗಳ ಪುಸ್ತಕ ಪ್ರಕಟಿಸಿದ. ಎರಡು ಪಕ್ಷಗಳೂ ಅಪ್ಪಣೆಗಳನ್ನು ಬರೆದು ನಡುವೆ ಕುಳಿತ ನಿರ್ಣಾಯಕನಿಗೆ ಕೊಡಬೇಕು. ಯಾರಿಗೆ ಏನು ಕಾಣುತ್ತದೆ, ಯಾವ ಸುದ್ದಿ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಈ ಸಂಗತಿ ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ. ನಿರ್ಣಾಯಕನ ಕೈಯಲ್ಲಿ ಇಡೀ ಆಟ ಇರುತ್ತದೆಂಬ ಮಾತಿನ ತೂಕ ಮಾತ್ರ ಅಂದೇ ತಿಳಿದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಾಟರ್ಲೂವಿನ ಪ್ರಶ್ನೆಗೆ ಉತ್ತರ. ನಿಮ್ಮ ಮೇಜಿನ ಮೇಲೆ ಜಮಖಾನೆ ಇತ್ತೇನಪ್ಪ? ಇರಲಿಲ್ಲವೆಂದು ನಿನ್ನ ಪತ್ರದಿಂದಲೇ ತಿಳಿಯುತ್ತದೆ. ಬ್ಲೂಖರನ ಪ್ರಷ್ಯನ್ನರು ಮೇಜಿನ ಅಂಚಿಗೆ ಬರುತ್ತಿರುವುದನ್ನು ಕಂಡು ನೀನು ವೆಲಿಂಗ್ಟನ್ನನ ಮೇಲೆ ಬೆಳಗ್ಗೆಯೇ ಬಿದ್ದೆ. 1815ರ ಜೂನ್ 18ರ ಬೆಳಗ್ಗೆ ನೆಪೋಲಿಯನ್ನನಿಗೆ ಅದು ಕಾಣುತ್ತಿರಲಿಲ್ಲ. 16ರಂದು ಲಿನ್ಯಿಯಲ್ಲಿ ಪ್ರಷ್ಯನ್ನರನ್ನು ಸೋಲಿಸಿದ್ದ. ಅವರು ಪೂರ್ವಕ್ಕೆ ತಮ್ಮ ನಾಡಿನ ದಾರಿ ಹಿಡಿದಿದ್ದಾರೆಂದು ನಂಬಿದ್ದ. 17ರಂದು ಗ್ರೂಶಿಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನರೊಡನೆ ಬೆನ್ನಟ್ಟಲು ಕಳುಹಿಸಿದ್ದ. ಪ್ರಷ್ಯನ್ನರು ಉತ್ತರಕ್ಕೆ ತಿರುಗಿ ವಾವ್ರ್ ಎಂಬಲ್ಲಿದ್ದರು. ಯುದ್ಧಭೂಮಿಯಿಂದ ಅದು ಸುಮಾರು ಹದಿನೈದು ಕಿಲೋಮೀಟರ್; ಧೋಂಡಿಯನ ಕೊನೆಯ ಬೀಡಿಗೂ ಯಾಪಲಪರ್ವಿಗೂ ಇದ್ದಷ್ಟೇ ದೂರ. ನೆನೆದ ನೆಲ ಒಣಗಿ ತೋಪುಗಳು ಚಲಿಸುವಂತಾಗಲೆಂದು ನೆಪೋಲಿಯನ್ ಬೆಳಗಿನ ಹೊತ್ತನ್ನು ಕಾದು ಕಳೆದ. ಬ್ಲೂಖರ್ ಬರುತ್ತಾನೆಂಬ ಮಾತು ವೆಲಿಂಗ್ಟನ್ನನ ಕೈಯಲ್ಲಿತ್ತು, ಅದನ್ನು ನಂಬಿಯೇ ಅವನು ನಿಂತದ್ದು. ಬೆಳಗಿನ ಬೆಲೆ ಅವನಿಗೆ ಗೊತ್ತಿತ್ತು, ನೆಪೋಲಿಯನ್ನನಿಗೆ ಗೊತ್ತಿರಲಿಲ್ಲ. ನಿನ್ನ ಗೆಲುವು ನಿನ್ನ ದಾಳದ್ದಲ್ಲ, ನಿನ್ನ ಕಣ್ಣಿನದು. ಆದ್ದರಿಂದ ಚರಿತ್ರೆಯ ಸೋಲನ್ನು ಗ್ರಹಚಾರವೆಂದು ಹೇಳಲಾರೆ.

ಆಟಕ್ಕೆ ಬೆಲೆಯೇ ಇಲ್ಲವೆಂದು ಇದರರ್ಥವಲ್ಲ. ಧೋಂಡಿಯ ತಪ್ಪಿಸಿಕೊಳ್ಳುವ ದಾರಿ ನೆಲದ ಮೇಲೆ ಇತ್ತು ಎಂಬುದನ್ನು ನಮ್ಮ ಮೊದಲೆರಡು ಆಟಗಳು ತೋರಿಸಿದವು. ಅವನು ಹಾಕಿದ ಹಂಚಿಕೆ ಮೂರ್ಖನದಲ್ಲ; ಸಂದಿ ನಿಜವಾಗಿಯೂ ಇತ್ತು, ಹತ್ತಾರು ಕಿಲೋಮೀಟರ್ ಆಚೆಗೆ ಮಾತ್ರ. ಇಂಗ್ಲಿಷ್ ಪುಸ್ತಕಗಳನ್ನು ಓದಿದರೆ ಕೊನಗಲ್ಲಿನ ಗೆಲುವು ವೆಲ್ಲೆಸ್ಲಿಯ ಮೂರು ತಿಂಗಳ ಜಾಣತನದ ತಾನಾಗಿ ಮಾಗಿದ ಹಣ್ಣೆಂಬಂತೆ ಕಾಣುತ್ತದೆ. ಹಾಗಿದ್ದರೆ ಅವನು ಆ ರಾತ್ರಿ ನಿದ್ದೆ ಮಾಡುತ್ತಿದ್ದ. ನಮ್ಮ ಆಟದಲ್ಲಿ ತಪ್ಪುಗಳೂ ಇದ್ದವು. ಎರೆನೆಲಕ್ಕೂ ಮಸಾರಿಗೂ ನಾನು ವ್ಯತ್ಯಾಸ ಮಾಡಿರಲಿಲ್ಲ, ಕುದುರೆಗೆ ದಣಿವಿರಲಿಲ್ಲ, ಡಂಬಳ, ಮುನವಳ್ಳಿಗಳ ಪೆಟ್ಟು ತಿಂದ ದಂಡಿನ ಎದೆ ಎಷ್ಟು ಗಟ್ಟಿಯಾಗಿದ್ದೀತೆಂಬುದು ಗುಲಗಂಜಿಗಳಿಂದ ತಿಳಿಯುವಂತಿರಲಿಲ್ಲ.

ಜಮಖಾನೆ ಕಟ್ಟಿದ ಮೂರನೆಯ ಆಟದಲ್ಲಿ ಕಿಲ್ಲೇದಾರ ಮೊದಲ ಚೀಟಿ ಬರೆದ: ನಾಳೆ ನವಲಿ, ನಾಡಿದ್ದು ಚಿನ್ನೂರು. ನಾನು ಅದನ್ನು ಸರಿಯಾದ ಸುತ್ತಿಗೆ ಮುಟ್ಟಿಸಿದೆ. ಹುಡುಗಿ ಓದಿಕೊಂಡು ತಲೆಯಾಡಿಸಿದಳು. ವೆಲ್ಲೆಸ್ಲಿಯಾಗಿದ್ದ ಹುಡುಗ, ನಾನು ಕಿವಿಯಲ್ಲಿ ಹೇಳಿದಂತೆ, ಬಳೆಚೂರುಗಳನ್ನು ಹಿಂದೆ ಬಿಟ್ಟು ಹುಣಸೆ ಬೀಜಗಳನ್ನು ಚಿನ್ನೂರಿನ ಮೇಲೆ ಹಾಯಿಸಿದ. ಎರಡು ಸುತ್ತಿನ ಬಳಿಕ ಧೋಂಡಿಯನ ಗುಲಗಂಜಿಗಳು ಪಶ್ಚಿಮಕ್ಕೆ ಸರಿದು ನೇರವಾಗಿ ಅವುಗಳ ಬಾಯಿಗೆ ಬಂದವು. ಜಮಖಾನೆ ಎತ್ತಿದಾಗ ತರಗತಿ ಸ್ತಬ್ಧವಾಯಿತು. ಮೊದಲೆರಡು ಸಲ ಕೇಕೆ ಹಾಕಿದವರು ಯಾರೂ ಮಾತನಾಡಲಿಲ್ಲ. ಹುಡುಗಿ ಕಿಲ್ಲೇದಾರನ ಕಡೆ ತಿರುಗಿ, "ನೀನಾ ನನ್ನ ಕೊಂದಿದ್ದು" ಎಂದಳು. ತಮಾಷೆಗೆ ಅಂದದ್ದು. ಅವನ ಕಣ್ಣಲ್ಲಿ ನೀರು ತುಂಬಿತು. "ಸರ, ನಾ ಸುಳ್ಳು ಬರದಿಲ್ರಿ" ಎಂದ. ಗಂಟೆ ಹೊಡೆಯಿತು. ಗದ್ದಲದಲ್ಲಿ ಎಲ್ಲರೂ ಚದುರಿದರು.

ಅವನು ಎರಡು ಚೀಟಿ ಬರೆದಿದ್ದ. ಇದು ಅವನಿಗೂ ನನಗೂ ಮಾತ್ರ ಗೊತ್ತು. ಹುಣಸೆ ಬೀಜಗಳು ಚಿನ್ನೂರಿನಲ್ಲಿ ನಿಲ್ಲದೆ ಮುಂದೆ ಸರಿದದ್ದನ್ನು ಕಂಡ ಕೂಡಲೇ, ಯಾರೂ ಹೇಳಿಕೊಡದೆ, ಇನ್ನೊಂದು ಹಾಳೆ ಹರಿದು ಬರೆದು ನನ್ನ ಕೈಗೆ ಕೊಟ್ಟ: ಕುದುರಿ ಇಲ್ಲಿ ನಿಂದ್ರಲಿಲ್ಲ, ಮುಂದ ಹ್ವಾದವು. ಟಪಾಲಿನ ಲೆಕ್ಕದಂತೆ ಅದು ಮರುಸುತ್ತಿಗೆ ಧೋಂಡಿಯನಿಗೆ ಸಲ್ಲಬೇಕಿತ್ತು. ನಾನು ಅದನ್ನು ಓದಿ ಮಡಿಸಿ ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡೆ.

ಏಕೆ ಇಟ್ಟುಕೊಂಡೆ ಎಂದರೆ, ವೆಲ್ಲೆಸ್ಲಿಯ ಪತ್ರದಲ್ಲಿ ಅಂಥ ಎರಡನೆಯ ಕಾಗದದ ಮಾತಿಲ್ಲ. ಆಟದ ಫಲ ಚರಿತ್ರೆಗೆ ಹೊಂದಬೇಕೆಂದು ನನಗೆ ಹಟ ಹುಟ್ಟಿತ್ತು. ಮೂರನೆಯ ಸಲವೂ ಧೋಂಡಿಯ ಪಾರಾದರೆ ಮಕ್ಕಳು ಪರೀಕ್ಷೆಯಲ್ಲಿ ಹಾಗೆಯೇ ಬರೆದಾರೆಂಬ ಉಪಾಧ್ಯಾಯರ ಅಂಜಿಕೆಯೂ ಇತ್ತು. ನನ್ನ ಚೀಟಿ ತಡವಾಯಿತು, ಇನ್ನ ಸ್ವಲ್ಪ ಲಗೂನ ಬರೆಯಬೇಕಿತ್ತು ಎಂದು ಹುಡುಗ ತಿಳಿದುಕೊಂಡ. ನಾನು ತಿದ್ದಲಿಲ್ಲ. ಈಗಿನ ಪತ್ರದಲ್ಲಿಯೂ ಅದೇ ಧಾಟಿ ಇದೆ. ಕಚೇರಿಯಲ್ಲಿ ಯಾವ ವರದಿ ಬಂದರೂ ಇದು ಎಷ್ಟು ಹೊತ್ತಿನ ಸುದ್ದಿ ಎಂದು ಮೊದಲು ನೋಡುವ ಅಭ್ಯಾಸ ಅಂದಿನಿಂದ ಬಂತೆಂದು ಬರೆದು ನನಗೆ ಕೃತಜ್ಞತೆ ಹೇಳಿದ್ದಾನೆ. ಆ ಕೃತಜ್ಞತೆಯನ್ನು ನಾನು ಹೇಗೆ ತೆಗೆದುಕೊಳ್ಳಲಿ?

ಇಷ್ಟು ವರ್ಷಗಳಲ್ಲಿ ನನಗೆ ಅನ್ನಿಸಿರುವುದನ್ನು ಹೇಳುತ್ತೇನೆ. ಇದಕ್ಕೆ ದಾಖಲೆಯ ಬಲವಿಲ್ಲ, ಬರೀ ಊಹೆ. ಕ್ರಮವಾದ ಟಪಾಲನ್ನೇ ಏರ್ಪಡಿಸಿದ್ದ, ಶತ್ರುವನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಲು ನೋಡಿದ, ದಾರಿ ತಪ್ಪಿಸುವವನನ್ನು ಜೊತೆಗೆ ಕಳುಹಿಸಿದ ಆ ಕಿಲ್ಲೇದಾರ, ಕುದುರೆಗಳು ನಿಲ್ಲದೆ ಹೋದದ್ದನ್ನು ನೋಡಿಯೂ ಸುಮ್ಮನೆ ಕುಳಿತಿರಲಾರ. ಒಂಬತ್ತನೆಯ ತರಗತಿಯ ಹುಡುಗನಿಗೆ ಹೊಳೆದದ್ದು ಅವನಿಗೆ ಹೊಳೆಯದಿರುತ್ತದೆಯೆ? ಬರೆದಿದ್ದರೆ ಆ ಕಾಗದ ಹೊತ್ತವನು ಅದೇ ಕೆಟ್ಟ ರಾತ್ರಿಯಲ್ಲಿ, ಅದೇ ಎರೆಕೆಸರಿನಲ್ಲಿ, ಇಂಗ್ಲಿಷರ ಕಾವಲನ್ನು ಬಳಸಿಕೊಂಡು ಹೋಗಬೇಕಾಗಿತ್ತು.

ನಿನ್ನ ಎರಡನೆಯ ಚೀಟಿ ತಡವಾಗಿರಲಿಲ್ಲ, ಮಗು. ಅದು ನನ್ನ ಜೇಬಿನಲ್ಲಿತ್ತು.

ನಿನ್ನೆ ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಅಂಗಳದಲ್ಲಿ ಮತ್ತೆ ನಕ್ಷೆ ಎಳೆದೆ. ಈ ಸಲ ಎರೆಹೊಲದಲ್ಲಿ ಕುದುರೆಗೆ ಒಂದೇ ಗೇಣು ಎಂದು ನಿಯಮ ಮಾಡಿ, ಎರಡನೆಯ ಚೀಟಿಯನ್ನು ಸರಿಯಾದ ಸುತ್ತಿಗೆ ಧೋಂಡಿಯನಿಗೆ ಕೊಟ್ಟೆ. ಮೊದಲ ಆಟದಲ್ಲಿ ಮೊಮ್ಮಗಳು ಮಸ್ಕಿಯ ದಾರಿ ಹಿಡಿದು ಪಾರಾದಳು. ಎರಡನೆಯದರಲ್ಲಿ ಅದೇ ದಾರಿ ಹಿಡಿದು, ಲಿಂಗಸುಗೂರು ಇನ್ನೂ ಮುಂದಿರುವಾಗಲೇ ಮರಾಠರ ಕುದುರೆಗಳ ಕೈಗೆ ಸಿಕ್ಕಳು. "ಇನ್ನೊಂದು ಆಟ ಆಡೋಣು ಅಜ್ಜ, ಈ ಸಲ ನಾ ಹೊಳಿ ಕಡೆ ಹೋಗ್ತೀನಿ" ಎಂದು ಗುಲಗಂಜಿ ಜೋಡಿಸತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆದರು.